80 ಸಾವಿರದ ಸೆಟ್, 8 ಲಕ್ಷದ ಸೆಟ್: ಕಿವಿಗೆ ನಿಜಕ್ಕೂ ಕೇಳಿಸುವ ವ್ಯತ್ಯಾಸ ಎಷ್ಟು?

ಆಡಿಯೋ ಅಂಗಡಿಯ ಡೆಮೊ ಕೋಣೆಯಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ಅಂಗಡಿಯವರು ಮೊದಲು 80 ಸಾವಿರ ರೂಪಾಯಿಯ ಸೆಟ್‌ನಲ್ಲಿ ಒಂದು ಹಾಡು ಹಾಕುತ್ತಾರೆ. ಚೆನ್ನಾಗಿದೆ ಅನ್ನಿಸುತ್ತದೆ. ಆಮೇಲೆ ಅದೇ ಹಾಡನ್ನು 8 ಲಕ್ಷದ ಸೆಟ್‌ನಲ್ಲಿ ಹಾಕುತ್ತಾರೆ. ಮೃದಂಗದ ಎಡಬದಿಯ ಪೆಟ್ಟು ಎದೆಗೇ ತಾಗಿದಂತಾಗುತ್ತದೆ. ಗಾಯಕಿ ಎರಡು ಮಾರು ದೂರದಲ್ಲಿ ಕೂತು ನಮಗೋಸ್ಕರವೇ ಹಾಡುತ್ತಿದ್ದಾರೆ ಅನ್ನಿಸುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಲೆಕ್ಕ ಓಡುತ್ತಿರುತ್ತದೆ: ಪಿಎಫ್ ತೆಗೆಯೋಣವೇ, ಕಂತಿನಲ್ಲಿ ಕೊಳ್ಳೋಣವೇ?

ಆ ಅನುಭವ ಸುಳ್ಳಲ್ಲ. ಆದರೆ ಅದರಲ್ಲಿ ಯಂತ್ರದ ಪಾಲೆಷ್ಟು, ಆ ಕೋಣೆಯ ಪಾಲೆಷ್ಟು, ಬೆಲೆಯ ಚೀಟಿ ನೋಡಿದ ನಮ್ಮ ಕಣ್ಣಿನ ಪಾಲೆಷ್ಟು? ಕಳೆದ ಐವತ್ತು ವರ್ಷಗಳಲ್ಲಿ ವಿಜ್ಞಾನಿಗಳೂ ಇಂಜಿನಿಯರುಗಳೂ ಈ ಪ್ರಶ್ನೆಯನ್ನು ಹಲವು ಸಲ ಪರೀಕ್ಷೆಗೆ ಒಡ್ಡಿದ್ದಾರೆ. ಅವರ ಉತ್ತರ ತಿಳಿದಿದ್ದರೆ ಕೆಲವು ಲಕ್ಷ ರೂಪಾಯಿ ಉಳಿಯಬಹುದು. ಅಥವಾ ಅದೇ ಹಣವನ್ನು ಸರಿಯಾದ ಕಡೆ ಹಾಕಬಹುದು.

ಈ ಲೇಖನದ ಮಟ್ಟಿಗೆ 50 ಸಾವಿರದಿಂದ ಒಂದೂವರೆ ಲಕ್ಷದವರೆಗಿನ ಸೆಟ್ ಮಧ್ಯಮ ದರ್ಜೆಯದು, 5 ಲಕ್ಷ ದಾಟಿದ್ದು ಹೈ-ಎಂಡ್ ಎಂದಿಟ್ಟುಕೊಳ್ಳೋಣ. ಹಾಡು ನಮ್ಮ ಕಿವಿ ಮುಟ್ಟುವುದು ಒಂದು ಸರಪಳಿಯ ಮೂಲಕ: ಹಾಡಿನ ಫೈಲ್, ಆಂಪ್ಲಿಫೈಯರ್, ವೈರ್, ಸ್ಪೀಕರ್, ಕೋಣೆ. ಒಂದೊಂದೇ ಕೊಂಡಿಯನ್ನು ನೋಡುತ್ತಾ ಹೋಗೋಣ.

ಹಾಡಿನ ಫೈಲ್: ಸಿ.ಡಿ. ಗುಣಮಟ್ಟ ಸಾಲದೇ?

ಮನುಷ್ಯರ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗಿನ ಶಬ್ದ. ಅಂದರೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್. ಮೇಲಿನ ಮಿತಿ ವಯಸ್ಸಾದಂತೆ ಇಳಿಯುತ್ತದೆ. ಐವತ್ತು ದಾಟಿದ ಬಹಳ ಜನರಿಗೆ 14–15 ಸಾವಿರ ಹರ್ಟ್ಜ್‌ನ ಮೇಲಿನದು ಕೇಳಿಸುವುದೇ ಇಲ್ಲ. ದುಬಾರಿ ಸೆಟ್ ಕೊಳ್ಳುವಷ್ಟು ಹಣ ಕೂಡಿಬರುವುದು ಸಾಮಾನ್ಯವಾಗಿ ಆ ವಯಸ್ಸಿನಲ್ಲೇ!

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಒಂದು ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಲು ಅದರ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಸಾಕು ಎನ್ನುವುದು ಗಣಿತ ಸಾಬೀತುಮಾಡಿದ ವಿಷಯ. ಹಾಗಾಗಿ 20,000 ಹರ್ಟ್ಜ್‌ವರೆಗಿನದೆಲ್ಲ ಸಿ.ಡಿ.ಯಲ್ಲಿ ಇರುತ್ತದೆ. ಅತಿ ಮೆಲ್ಲನೆಯ ಶಬ್ದಕ್ಕೂ ಅತಿ ಜೋರಿನ ಶಬ್ದಕ್ಕೂ ನಡುವೆ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತದೆ. ನಿಶ್ಶಬ್ದ ಎನ್ನಿಸುವ ಮನೆಯ ಕೋಣೆಯಲ್ಲೂ 30–40 ಡೆಸಿಬಲ್ ಗದ್ದಲ ಇದ್ದೇ ಇರುತ್ತದೆ. ಅದರ ಮೇಲೆ ಸೀಲಿಂಗ್ ಫ್ಯಾನ್ ಹಾಕಿದರೆ ಇನ್ನೂ ಹೆಚ್ಚು.

ಆದರೂ ‘ಹೈ-ರೆಸ್’ ಹೆಸರಿನಲ್ಲಿ ಇದಕ್ಕಿಂತ ಹೆಚ್ಚಿನ ಗುಣಮಟ್ಟದ ಫೈಲುಗಳೂ, ಅವನ್ನು ನುಡಿಸುವ ದುಬಾರಿ ಪೆಟ್ಟಿಗೆಗಳೂ ಬಂದಿವೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ಹಾಡನ್ನು ನೇರವಾಗಿ ಒಮ್ಮೆ, ಸಿ.ಡಿ. ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ಹೇಳಲಿಲ್ಲ. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಹಾಡಿನ ಅತಿ ಮೆಲ್ಲನೆಯ ಭಾಗವನ್ನು ಸಹಜಕ್ಕಿಂತ ತುಂಬಾ ಜೋರಾಗಿ ಇಟ್ಟಾಗ ಮಾತ್ರ ಸಿ.ಡಿ. ಮಟ್ಟದ ಸಣ್ಣ ಕುಸುಕುಸು ಕೇಳಿಸಿತು.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 12,500ಕ್ಕೂ ಹೆಚ್ಚು ಪ್ರಯತ್ನಗಳಲ್ಲಿ 52.3% ಸರಿಯಿತ್ತು. ತರಬೇತಿ ಪಡೆದ ಕಿವಿಗಳು ಇನ್ನಷ್ಟು ಚೆನ್ನಾಗಿ ಗುರುತಿಸಿದವು. ಅಂದರೆ ವ್ಯತ್ಯಾಸ ಸೊನ್ನೆ ಅಲ್ಲದಿರಬಹುದು. ಆದರೆ ಬಾಗಿಲು ತೆರೆದ ಕೂಡಲೇ ‘ಆಹಾ’ ಅನ್ನಿಸುವ ವ್ಯತ್ಯಾಸವಂತೂ ಅಲ್ಲ.

ಆಂಪ್ಲಿಫೈಯರ್: ವಾಟ್‌ಗಳ ಮಾಯೆ

ನಮ್ಮಲ್ಲಿ ಸ್ಪೀಕರ್ ಸೆಟ್ ಕೊಂಡ ಯಾರಿಗೂ ‘ಪಿಎಂಪಿಒ’ ಎಂಬ ಪದ ಹೊಸದಲ್ಲ. ಪುಟ್ಟ ಡಬ್ಬಿಯ ಮೇಲೆ ‘2000 ವಾಟ್ ಪಿಎಂಪಿಒ’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಿತ್ತು. ಕ್ಷಣದ ಸಣ್ಣ ಭಾಗದಲ್ಲಿ, ಯಾವ ಷರತ್ತೂ ಇಲ್ಲದೆ ಹೇಳಿಬಿಡಬಹುದಾದ ಅಂಕಿ ಅದು. ಅದನ್ನು ಅಳೆಯಲು ಒಪ್ಪಿತ ಮಾನದಂಡವೇ ಇಲ್ಲ. ನೋಡಬೇಕಾದದ್ದು ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು, ಅಂದರೆ ‘ಆರ್‌ಎಂಎಸ್’ ಎಂದು ಬರೆದಿರುವುದನ್ನು. ಸುಲಭದ ಉಪಾಯವೂ ಒಂದಿದೆ. ಸೆಟ್‌ನ ಅಡಾಪ್ಟರ್ ಹಿಂದೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ. 24 ವಾಟ್ ಒಳಗೆ ಹೋಗುವ ಪೆಟ್ಟಿಗೆಯಿಂದ 2000 ವಾಟ್ ಹೊರಗೆ ಬರುವುದು ಹೇಗೆ?

ಹಾಗಾದರೆ ಮನೆಗೆ ಎಷ್ಟು ವಾಟ್ ಬೇಕು? ಸಾಧಾರಣ ಸ್ಪೀಕರ್ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್ ಶಬ್ದ ಮಾಡುತ್ತದೆ. ಮಾಮೂಲಿ ಮಾತುಕತೆ 60 ಡೆಸಿಬಲ್ ಆಸುಪಾಸು. ಮನೆಯಲ್ಲಿ ಹಾಡನ್ನು ತುಸು ಜೋರಾಗಿಯೇ, 75 ಡೆಸಿಬಲ್‌ನಲ್ಲಿ ಕೇಳುತ್ತಿದ್ದೇವೆ ಎಂದುಕೊಂಡರೂ ಆಂಪ್ಲಿಫೈಯರ್ ಕೊಡುತ್ತಿರುವ ಸರಾಸರಿ ಶಕ್ತಿ 1 ವಾಟ್‌ಗಿಂತ ಕಡಿಮೆ! ಡ್ರಮ್ಮಿನ ಪೆಟ್ಟು, ತನಿ ಆವರ್ತನದ ಅಬ್ಬರ ಬಂದಾಗ ಅದರ ಮೂವತ್ತು ಪಟ್ಟು, ನೂರು ಪಟ್ಟು ಬೇಕಾಗಬಹುದು. ಆದ್ದರಿಂದ 12 ಅಡಿಗೆ 10 ಅಡಿಯ ಕೋಣೆಗೆ ನಿಜವಾದ 50 ವಾಟ್ ಧಾರಾಳ. 50ರಿಂದ 100 ವಾಟ್‌ಗೆ ಹೋದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು.

ಇನ್ನು ‘ದುಬಾರಿ ಆಂಪ್ಲಿಫೈಯರ್‌ನ ನಾದವೇ ಬೇರೆ’ ಎಂಬ ಮಾತು. 1987ರಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ ಕೆಲವು ನೂರು ಡಾಲರ್‌ನಿಂದ 12 ಸಾವಿರ ಡಾಲರ್‌ವರೆಗಿನ ಆಂಪ್ಲಿಫೈಯರುಗಳನ್ನು ತಂದು, ಯಾವುದು ನುಡಿಯುತ್ತಿದೆ ಎಂದು ಹೇಳದೆ ಕೇಳಿಸಿತು. ವ್ಯತ್ಯಾಸ ಇದೆ ಎಂದು ನಂಬಿದವರೂ ಕೇಳುಗರಲ್ಲಿದ್ದರು, ನಂಬದವರೂ ಇದ್ದರು. ಒಟ್ಟು ಫಲಿತಾಂಶ ಊಹೆಯ ಮಟ್ಟದಲ್ಲೇ ನಿಂತಿತು.

ಎಲ್ಲ ಆಂಪ್ಲಿಫೈಯರೂ ಒಂದೇ ಎಂದು ಇದರ ಅರ್ಥವಲ್ಲ. ಶಕ್ತಿ ಸಾಲದೆ ಒದ್ದಾಡುವ ಆಂಪ್ಲಿಫೈಯರ್ ಒಡಕು ಶಬ್ದ ಮಾಡುತ್ತದೆ. ಕೆಲವು ವಾಲ್ವ್ ಆಂಪ್ಲಿಫೈಯರುಗಳು ಸ್ವರವನ್ನು ಗೊತ್ತಾಗುವಷ್ಟು ಬದಲಿಸುತ್ತವೆ. ಕೆಲವು ಸ್ಪೀಕರುಗಳು ಹೆಚ್ಚು ವಿದ್ಯುತ್ ಎಳೆಯುವುದರಿಂದ ಗಟ್ಟಿ ಆಂಪ್ಲಿಫೈಯರ್ ಬೇಡುತ್ತವೆ. ಆದರೆ ಸರಿಯಾಗಿ ತಯಾರಿಸಿದ, ತನ್ನ ಮಿತಿಯೊಳಗೆ ಕೆಲಸ ಮಾಡುವ ಎರಡು ಆಂಪ್ಲಿಫೈಯರುಗಳ ನಡುವೆ ಕಿವಿಗೆ ಸಿಗುವ ವ್ಯತ್ಯಾಸ ತೀರಾ ಸಣ್ಣದು.

ವೈರ್: ತಾಮ್ರ ತಾಮ್ರವೇ

ಮೀಟರಿಗೆ ಸಾವಿರಾರು ರೂಪಾಯಿಯ ಸ್ಪೀಕರ್ ಕೇಬಲ್ಲುಗಳಿವೆ. ಲೆಕ್ಕ ಹಾಕಿ ನೋಡೋಣ. ಮನೆಯ ಲೈಟಿನ ವೈರಿಂಗಿಗೆ ಬಳಸುವಂಥ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಅನ್ನು 5 ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ ಅದರ ರೋಧ ಸುಮಾರು 0.12 ಓಮ್. ಅತ್ತ ಇರುವ ಸ್ಪೀಕರ್ 8 ಓಮ್‌ನದು. ಆಗುವ ನಷ್ಟ 0.1 ಡೆಸಿಬಲ್ ಆಸುಪಾಸು. ಕಿವಿಗೆ ಅದು ತಿಳಿಯುವುದಿಲ್ಲ. ವೈರ್ ತೀರಾ ತೆಳ್ಳಗಿರಬಾರದು, ಜೋಡಣೆ ಬಿಗಿಯಾಗಿರಬೇಕು, ಪ್ಲಸ್ ಮೈನಸ್ ಎರಡೂ ಸ್ಪೀಕರಿಗೆ ಒಂದೇ ರೀತಿ ಇರಬೇಕು. ಒಂದು ಸ್ಪೀಕರಿನದು ಅದಲು ಬದಲಾದರೆ ಎರಡರ ಬೇಸ್ ಒಂದನ್ನೊಂದು ಅಳಿಸಿಕೊಂಡು ಹಾಡು ಟೊಳ್ಳಾಗಿ ಕೇಳಿಸುತ್ತದೆ. ಈ ತಪ್ಪು ಸಾಮಾನ್ಯ, ಸರಿಪಡಿಸಲು ಖರ್ಚೂ ಇಲ್ಲ.

ಸ್ಪೀಕರ್: ಹಣಕ್ಕೆ ನಿಜವಾದ ಬೆಲೆ ಸಿಗುವ ಜಾಗ

ಇಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು, ನಿಜವಾದದ್ದು. ಒಳ್ಳೆಯ ಆಂಪ್ಲಿಫೈಯರ್ ಶಬ್ದಕ್ಕೆ ಸೇರಿಸುವ ವಿಕೃತಿ ಶೇಕಡಾ ಒಂದರ ನೂರನೇ ಭಾಗದಷ್ಟಿದ್ದರೆ, ಸ್ಪೀಕರ್ ಜೋರಾಗಿ ಬೇಸ್ ನುಡಿಸುವಾಗ ಒಂದೆರಡು ಶೇಕಡಾ ಸೇರಿಸುವುದು ಮಾಮೂಲು. ಕಾರಣ ಸರಳ: ಉಳಿದದ್ದೆಲ್ಲ ವಿದ್ಯುತ್ತಿನ ಕೆಲಸ. ಸ್ಪೀಕರ್ ಮಾತ್ರ ನಿಜವಾಗಿ ಅಲುಗಾಡಿ ಗಾಳಿಯನ್ನು ತಳ್ಳಬೇಕು.

ತಗ್ಗಿನ ಸ್ವರಗಳಲ್ಲಿ ಈ ಕೆಲಸ ಕಷ್ಟ. 80 ಹರ್ಟ್ಜ್‌ನಲ್ಲಿ ಮಾಡುವಷ್ಟೇ ಜೋರಿನ ಶಬ್ದವನ್ನು 40 ಹರ್ಟ್ಜ್‌ನಲ್ಲಿ ಮಾಡಲು ನಾಲ್ಕು ಪಟ್ಟು ಗಾಳಿಯನ್ನು ಅಲುಗಿಸಬೇಕು. ಹಾಗಾಗಿ ಆಳದ ಬೇಸ್‌ಗೆ ದೊಡ್ಡ ವೂಫರ್, ದೊಡ್ಡ ಪೆಟ್ಟಿಗೆ ಬೇಕು. 5 ಇಂಚಿನ ವೂಫರಿಗಿಂತ 8 ಇಂಚಿನದರ ವಿಸ್ತಾರ ಎರಡೂವರೆ ಪಟ್ಟು. ಪೆಟ್ಟಿಗೆ ತಾನೇ ಅದುರಿ ಹಾಡಿಗೆ ತನ್ನ ಗುಂಗು ಸೇರಿಸಬಾರದು, ಅದಕ್ಕೆ ದಪ್ಪ ಹಲಗೆ, ಒಳಗೆ ಅಡ್ಡಪಟ್ಟಿ ಬೇಕು. ಇದೆಲ್ಲ ತೂಕ, ಮರ, ಸಾಗಣೆ, ಕೂಲಿ. ದುಬಾರಿ ಸ್ಪೀಕರಿನ ಬೆಲೆಯ ಒಂದು ಪಾಲು ನ್ಯಾಯವಾಗಿ ಇಲ್ಲಿಗೇ ಹೋಗುತ್ತದೆ. ದೊಡ್ಡ ಹಾಲ್‌ನಲ್ಲಿ ಒದ್ದಾಡದೆ ಜೋರಾಗಿ ಹಾಡುವ ತಾಕತ್ತೂ ಇದರಿಂದಲೇ ಬರುತ್ತದೆ.

‘ಒಳ್ಳೆಯ ಸ್ಪೀಕರ್’ ಅಂದರೆ ಏನು ಎಂಬುದಕ್ಕೂ ಅಳತೆಯಿದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್, ಮುಂದೆ ಅವರೊಂದಿಗೆ ಹಾರ್ಮನ್ ಕಂಪನಿಯಲ್ಲಿ ಶಾನ್ ಓಲಿವ್, ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಂದ ಅಂಕ ಹಾಕಿಸುತ್ತಾ ಹೋದರು. ಹೆಚ್ಚಿನ ಕೇಳುಗರ ಮೆಚ್ಚುಗೆ ಒಂದೇ ಬಗೆಯ ಸ್ಪೀಕರಿಗೆ ಹೋಯಿತು. ಅದು ಯಾವ ಸ್ವರವನ್ನೂ ಎತ್ತದೆ, ತಗ್ಗಿಸದೆ ಸಮವಾಗಿ ನುಡಿಸುತ್ತಿತ್ತು. ನೇರ ಎದುರಿಗೆ ಮಾತ್ರವಲ್ಲ, ಪಕ್ಕಕ್ಕೆ ಹರಡುವ ಶಬ್ದದಲ್ಲೂ ಅದೇ ಸಮತೋಲ ಕಾಪಾಡಿಕೊಳ್ಳುತ್ತಿತ್ತು. 2004ರಲ್ಲಿ ಓಲಿವ್ 70 ಸ್ಪೀಕರುಗಳ ಅಳತೆಗಳನ್ನು ಮಾತ್ರ ಬಳಸಿ, ಕೇಳುಗರು ಎಷ್ಟು ಅಂಕ ಕೊಡುತ್ತಾರೆ ಎಂದು ಅಂದಾಜಿಸುವ ಸೂತ್ರ ಕಟ್ಟಿದರು. ಅಂದಾಜಿಗೂ ನಿಜವಾದ ಅಂಕಕ್ಕೂ ಇದ್ದ ಹೊಂದಾಣಿಕೆ 0.86. ಇದು 1 ಆಗಿದ್ದರೆ ಪೂರ್ಣ ಹೊಂದಾಣಿಕೆ. ಆ ಸೂತ್ರದಲ್ಲಿ ಸುಮಾರು 30% ತೂಕ ಬೇಸ್ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕಿತ್ತು. ಬೆಲೆಗೆ ಅದರಲ್ಲಿ ಜಾಗವೇ ಇರಲಿಲ್ಲ.

ಚೆನ್ನಾಗಿ ವಿನ್ಯಾಸ ಮಾಡಿದ ಮಧ್ಯಮ ದರ್ಜೆಯ ಸ್ಪೀಕರ್ ಸಮತೋಲದಲ್ಲಿ ಹೈ-ಎಂಡ್‌ನ ಹತ್ತಿರ ಬರಬಲ್ಲದು. ಹಿಂದೆ ಬೀಳುವುದು ಮುಖ್ಯವಾಗಿ ಆಳದ ಬೇಸ್ ಮತ್ತು ಜೋರಿನ ವಿಷಯದಲ್ಲಿ. ಒಂದು ಒಳ್ಳೆಯ ಸಬ್‌ವೂಫರ್ ಸೇರಿಸಿದರೆ ಆ ಕೊರತೆಯ ಬಹುಭಾಗ ತುಂಬುತ್ತದೆ. ನೀವು ಏನು ಕೇಳುತ್ತೀರಿ ಎನ್ನುವುದೂ ಮುಖ್ಯ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ನುಡಿಯುವುದು 41 ಹರ್ಟ್ಜ್‌ನಲ್ಲಿ, ಸಿನಿಮಾದ ಸ್ಫೋಟಗಳು ಇನ್ನೂ ಕೆಳಗೆ. ಗಂಡಸರ ದನಿಯ ಮೂಲ ಕಂಪನಾಂಕ ಸಾಮಾನ್ಯವಾಗಿ 80 ಹರ್ಟ್ಜ್‌ಗಿಂತ ಮೇಲೇ ಇರುತ್ತದೆ. ಬಹುಪಾಲು ಭಾವಗೀತೆ, ವಚನ, ದೇವರನಾಮ ಕೇಳುವವರು 25 ಹರ್ಟ್ಜ್ ಮುಟ್ಟುವ ಸ್ಪೀಕರಿಗೆ ಹಣ ಸುರಿಯಬೇಕಾಗಿಲ್ಲ.

ಕೋಣೆ: ಪಟ್ಟಿಯಲ್ಲಿ ಯಾರೂ ಬರೆಯದ ಕೊಂಡಿ

ಅಂಗಡಿಯ ಡೆಮೊ ಕೋಣೆಗೆ ಕಾರ್ಪೆಟ್ ಹಾಸಿರುತ್ತದೆ, ಗೋಡೆಗೆ ದಪ್ಪ ಹೊದಿಕೆ ಇರುತ್ತದೆ, ಸ್ಪೀಕರ್ ಗೋಡೆಯಿಂದ ದೂರ ನಿಂತಿರುತ್ತದೆ. ನಮ್ಮ ಮನೆಯ ಹಾಲ್‌ನಲ್ಲಿ? ನೆಲಕ್ಕೆ ಗ್ರಾನೈಟ್ ಅಥವಾ ಟೈಲ್ಸ್, ಸುತ್ತ ಇಟ್ಟಿಗೆಯ ಗೋಡೆ, ಮೇಲೆ ಆರ್‌ಸಿಸಿ, ಸ್ಪೀಕರುಗಳು ಶೋಕೇಸಿನ ಗೂಡಿನೊಳಗೆ. ಅದೇ 8 ಲಕ್ಷದ ಸೆಟ್ ಇಲ್ಲಿ ಬೇರೆಯೇ ಸೆಟ್ ಆಗುತ್ತದೆ.

50 ಹರ್ಟ್ಜ್ ಶಬ್ದದ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಕಂಪನಾಂಕದಲ್ಲಿ ಕೋಣೆಯೇ ತಂಬೂರಿಯ ತಂತಿಯಂತೆ ನುಡಿಯತೊಡಗುತ್ತದೆ. 12 ಅಡಿ ಉದ್ದದ ಕೋಣೆಗೆ ಅದು 47 ಹರ್ಟ್ಜ್, 10 ಅಡಿ ಅಗಲಕ್ಕೆ 56 ಹರ್ಟ್ಜ್. ಈ ಸ್ವರಗಳು ಗೋಡೆಯ ಬಳಿ ಗುಡುಗುತ್ತವೆ, ಕೋಣೆಯ ನಟ್ಟನಡುವೆ ಕಾಣೆಯಾಗುತ್ತವೆ. ಅಮೆರಿಕದ ಮರದ ಚೌಕಟ್ಟಿನ ಗೋಡೆಗಳಲ್ಲಿ ಬೇಸ್ ಒಂದಿಷ್ಟು ಸೋರಿಹೋಗುತ್ತದೆ. ನಮ್ಮ ಗಟ್ಟಿ ಗೋಡೆಗಳು ಅದನ್ನು ಹಾಗೇ ಹಿಂದಕ್ಕೆ ಎಸೆಯುತ್ತವೆ.

ನಂಬಿಕೆ ಬರದಿದ್ದರೆ ಪರೀಕ್ಷಿಸಿ. ಬೇಸ್ ಚೆನ್ನಾಗಿರುವ ಸ್ಪೀಕರಿನಲ್ಲಿ, ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ ಸಣ್ಣ ವಾಲ್ಯೂಮಿನಲ್ಲಿ ನಿಮ್ಮ ಕೋಣೆಯ ಕಂಪನಾಂಕ ನುಡಿಸಿ. ಅದನ್ನು ಲೆಕ್ಕ ಹಾಕಲು 172ನ್ನು ಕೋಣೆಯ ಮೀಟರ್ ಉದ್ದದಿಂದ ಭಾಗಿಸಿದರೆ ಸಾಕು. ನಂತರ ಗೋಡೆಯಿಂದ ಗೋಡೆಗೆ ನಡೆಯಿರಿ. ಶಬ್ದ ಏರಿ, ಇಳಿದು, ಮತ್ತೆ ಏರುತ್ತದೆ. ಈ ಏರಿಳಿತಕ್ಕೆ ಹೋಲಿಸಿದರೆ ಆಂಪ್ಲಿಫೈಯರು, ವೈರುಗಳ ವ್ಯತ್ಯಾಸ ಏನೇನೂ ಅಲ್ಲ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸರಿಹೋಗುತ್ತದೆ ಎಂಬ ಮಾತು ಕೇಳಿರಬಹುದು. ಇಲ್ಲ. ತೆಳ್ಳಗಿನ ಕಾಗದದ ತಿರುಳು ಬೇಸನ್ನು ಹೀರುವುದೂ ಇಲ್ಲ, ಪಕ್ಕದ ಮನೆಗೆ ಹೋಗುವ ಶಬ್ದವನ್ನು ತಡೆಯುವುದೂ ಇಲ್ಲ. ಬೆಂಕಿ ಹತ್ತುವ ಅಪಾಯ ಮಾತ್ರ ಹೆಚ್ಚು. ದಪ್ಪ ಪರದೆ, ಜಮಖಾನ, ಸೋಫಾ, ಪುಸ್ತಕ ತುಂಬಿದ ಕಪಾಟುಗಳು ಮೇಲಿನ ಸ್ವರಗಳ ಗಲಗಲವನ್ನು ಪಳಗಿಸುತ್ತವೆ. ಬೇಸ್‌ಗೆ ಮದ್ದು ಜಾಗ ಬದಲಾವಣೆ: ಸ್ಪೀಕರನ್ನು ಮೂಲೆಯಿಂದ ಹೊರಗೆ ತನ್ನಿ, ಕೂರುವ ಜಾಗವನ್ನು ಗೋಡೆಯಿಂದಲೂ ನಟ್ಟನಡುವಿನಿಂದಲೂ ಸರಿಸಿ.

ಕಣ್ಣು ಕೇಳುವ ಹಾಡು

1994ರಲ್ಲಿ ಟೂಲ್ ಮತ್ತು ಓಲಿವ್ ತಮ್ಮದೇ ಕಂಪನಿಯ 40 ಉದ್ಯೋಗಿಗಳಿಗೆ ನಾಲ್ಕು ಸ್ಪೀಕರ್ ಕೇಳಿಸಿದರು. ಒಮ್ಮೆ ಪರದೆ ಹಾಕಿ, ಒಮ್ಮೆ ಪರದೆ ತೆಗೆದು. ಪರದೆ ತೆಗೆದದ್ದೇ ದೊಡ್ಡ, ಸುಂದರ ಸ್ಪೀಕರುಗಳ ಅಂಕ ಏರಿತು. ಸಣ್ಣ, ಅಗ್ಗದ ಸೆಟ್‌ನ ಅಂಕ ಇಳಿಯಿತು. ಶಬ್ದ ಬದಲಾಗಿರಲಿಲ್ಲ. ಆ ಜನ ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆಯೇ ಕೇಳಿಸುತ್ತಿತ್ತು. ಮಿದುಳು ಶಬ್ದವನ್ನು ಅರ್ಥೈಸುವಾಗ ಕಣ್ಣಿನ ಸಾಕ್ಷಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇನ್ನೊಂದು ಬಲೆ ವಾಲ್ಯೂಮ್. ಶಬ್ದ ಜೋರಾದಂತೆ ಬೇಸ್ ನಮ್ಮ ಕಿವಿಗೆ ಹೆಚ್ಚು ತುಂಬಿಕೊಂಡಂತೆ ಕೇಳಿಸುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಎರಡು ಸೆಟ್‌ಗಳಲ್ಲಿ ಒಂದು ತುಸುವೇ ಜೋರಾಗಿದ್ದರೂ ಅದು ‘ಜೋರು’ ಅನ್ನಿಸುವುದಿಲ್ಲ, ‘ಉತ್ತಮ’ ಅನ್ನಿಸುತ್ತದೆ. ಡೆಮೊ ಕೋಣೆಯಲ್ಲಿ ಎರಡರ ಜೋರನ್ನೂ ಸಮ ಮಾಡಿ ಕೇಳಿಸಿ ಎಂದು ಕೇಳಿಕೊಳ್ಳಿ. ಅದು ನಿಮ್ಮ ಹಕ್ಕು.

ಹಾಗಾದರೆ ಏನು ಮಾಡೋಣ?

1 ಲಕ್ಷ ಇದೆ ಎಂದಾದರೆ ನಮ್ಮ ಸಲಹೆ ಹೀಗಿದೆ. 60–65 ಸಾವಿರ ಸ್ಪೀಕರಿಗೆ, 20–25 ಸಾವಿರ ಆಂಪ್ಲಿಫೈಯರಿಗೆ, ಉಳಿದದ್ದು ಸ್ಟ್ಯಾಂಡ್, ಪರದೆ, ಜಮಖಾನಕ್ಕೆ. ವೈರ್ ಹಾರ್ಡ್‌ವೇರ್ ಅಂಗಡಿಯದೇ ಸಾಕು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಲಿ, ಟ್ವೀಟರ್ ಕಿವಿಯ ಎತ್ತರಕ್ಕಿರಲಿ.

ಹೊಸ ಆಂಪ್ಲಿಫೈಯರೋ ಕೇಬಲ್ಲೋ ಕೊಂಡ ಮೇಲೆ ‘ವ್ಯತ್ಯಾಸ ಕೇಳಿಸುತ್ತಿದೆ’ ಅನ್ನಿಸಿದರೆ ಮನೆಯವರ ಸಹಾಯ ಪಡೆಯಿರಿ. ನೀವು ನೋಡದಂತೆ ಅವರು ನಾಣ್ಯ ಚಿಮ್ಮಿ ಹಳೆಯದನ್ನೋ ಹೊಸದನ್ನೋ ಜೋಡಿಸಲಿ, ಜೋರನ್ನು ಸಮ ಮಾಡಲಿ. ಯಾವುದೆಂದು ನೀವು ಹೇಳಿ. ಹೀಗೆ 16 ಸಲ. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಂಭವ 4%ಗಿಂತ ಕಡಿಮೆ. ಹನ್ನೆರಡು ಬಂದರೆ ನಿಮ್ಮ ಕಿವಿಯನ್ನು ನಂಬಬಹುದು. ಎಂಟೋ ಒಂಬತ್ತೋ ಬಂದರೆ ಅಂಗಡಿಯಲ್ಲಿ ವಾಪಸ್ ಕೊಡುವ ಅವಧಿ ಮುಗಿದಿದೆಯೇ ನೋಡಿಕೊಳ್ಳಿ!

ಒಂದು ಎಚ್ಚರಿಕೆಯೂ ಬೇಕು. ಸಣ್ಣ ಸೆಟ್ ಅತಿ ಜೋರಾದಾಗ ಒಡಕು ದನಿ ಬಂದು ನಾವೇ ಕಡಿಮೆ ಮಾಡುತ್ತೇವೆ. ಶಕ್ತಿಯುತ ಸೆಟ್ ಒಡೆಯದೆ ಹಾಡುತ್ತಲೇ ಹೋಗುವುದರಿಂದ ಎಷ್ಟು ಜೋರಾಗಿದೆ ಎಂಬುದೇ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆಯೇ ಮಿತಿ. ಜೋರು ಹೆಚ್ಚಿದಂತೆ ಆ ಅವಧಿ ಬೇಗ ಬೇಗ ಕುಗ್ಗುತ್ತದೆ. ಕಿವಿಯೊಳಗಿನ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ಪೀಕರನ್ನು ಮುಂದೆಂದಾದರೂ ಬದಲಿಸಬಹುದು, ಕಿವಿಯನ್ನು ಬದಲಿಸಲಾಗದು.

ಹಾಗೆಂದು ಹೈ-ಎಂಡ್ ಸೆಟ್ ಕೊಂಡವರೆಲ್ಲ ಮೋಸಹೋದರು ಎಂದು ನಾವು ಹೇಳುತ್ತಿಲ್ಲ. ಸಾವಿರ ರೂಪಾಯಿಯ ಕ್ವಾರ್ಟ್ಜ್ ಗಡಿಯಾರ ಲಕ್ಷ ರೂಪಾಯಿಯ ಸ್ಪ್ರಿಂಗ್ ಗಡಿಯಾರಕ್ಕಿಂತ ಸರಿಯಾದ ಸಮಯ ತೋರಿಸುತ್ತದೆ, ಆದರೂ ಎರಡನೆಯದನ್ನು ಆಸೆಪಟ್ಟು ಕೊಳ್ಳುವವರಿದ್ದಾರೆ. ಒಳ್ಳೆಯ ಮರಗೆಲಸ, ವರ್ಷಗಟ್ಟಲೆ ಸಿಗುವ ಸರ್ವೀಸ್, ಮನೆಯಲ್ಲೊಂದು ಚೆಂದದ ವಸ್ತು ಇದೆ ಎಂಬ ಖುಷಿ, ಇವಕ್ಕೂ ಬೆಲೆಯಿದೆ. ಕೈಯಲ್ಲಿ ಹಣವಿದ್ದು ಅದಕ್ಕಾಗಿಯೇ ಕೊಳ್ಳುವುದಾದರೆ ಕೊಳ್ಳಿ. ಹಾಡು ಹತ್ತು ಪಟ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಪಿಎಫ್ ತೆಗೆಯುವ ಯೋಚನೆಯಿದ್ದರೆ ಮಾತ್ರ, ಮೊದಲು ಈಗಿರುವ ಸ್ಪೀಕರುಗಳನ್ನು ಶೋಕೇಸಿನಿಂದ ಹೊರಗೆ ತೆಗೆದಿಟ್ಟು ಒಂದು ವಾರ ಕೇಳಿ ನೋಡಿ.